ಅಡುಗೆಮನೆಯ ಹಿಂಬಾಗಿಲು: ಹೋಟೆಲ್, ಕೇಟರಿಂಗ್, ಪಬ್ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಆದರೆ ಇಲ್ಲಿ ಬರುವ ಬಹುತೇಕ ನಿಯಮಗಳು ಕೇಂದ್ರದ್ದು ಅಥವಾ ರಾಜ್ಯದ್ದು, ಹಾಗಾಗಿ ಹುಬ್ಬಳ್ಳಿಯ ಖಾನಾವಳಿಗೂ ಮಂಗಳೂರಿನ ಬಾರ್‌ಗೂ ಅನ್ವಯಿಸುತ್ತವೆ. ಊರಿಂದೂರಿಗೆ ಬದಲಾಗುವುದು ಕಸ ಒಯ್ಯುವವರು ಯಾರು, ಶುಲ್ಕ ಎಷ್ಟು ಎನ್ನುವುದು. ಅದನ್ನು ನಿಮ್ಮ ಪಾಲಿಕೆಯಲ್ಲೇ ಕೇಳಿಕೊಳ್ಳಿ.

ನಮ್ಮದು ಸಣ್ಣ ದರ್ಶಿನಿ. ಇದೆಲ್ಲ ದೊಡ್ಡ ಹೋಟೆಲ್‌ಗಳಿಗೆ ಅಲ್ಲವೇ?

ಕಸ ಬೇರ್ಪಡಿಸುವುದು ತಳ್ಳುಗಾಡಿಯವರಿಗೂ ಕಡ್ಡಾಯ. ದೊಡ್ಡವರಿಗೆ ಅದರ ಮೇಲೆ ಇನ್ನಷ್ಟು ಹೊಣೆ ಇದೆ, ಅಷ್ಟೇ ವ್ಯತ್ಯಾಸ. ಈ ದೊಡ್ಡವರಿಗೆ ನಿಯಮದ ಭಾಷೆಯಲ್ಲಿ ಸಗಟು ತ್ಯಾಜ್ಯ ಉತ್ಪಾದಕರು ಎನ್ನುತ್ತಾರೆ. 2026ರ ಏಪ್ರಿಲ್ 1ರಿಂದ ಜಾರಿಯಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಈ ಮೂರರಲ್ಲಿ ಒಂದು ಹೊಂದಿದರೂ ನೀವು ಆ ಪಟ್ಟಿಗೆ ಸೇರುತ್ತೀರಿ: ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್, ದಿನದ ನೀರಿನ ಬಳಕೆ 40,000 ಲೀಟರ್, ದಿನದ ಕಸ 100 ಕೆ.ಜಿ. ಹೋಟೆಲ್‌ನವರು ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಮೂರನೆಯದರಲ್ಲಿ.

100 ಕೆ.ಜಿ. ಎಂದರೆ ಭಾರಿ ಎನಿಸುತ್ತದೆ, ಆದರೆ ಅಷ್ಟೇನೂ ಅಲ್ಲ. 200 ಲೀಟರ್‌ನ ನೀಲಿ ಡ್ರಮ್ಮಿಗೆ ನೀರು ತುಂಬಿದರೆ 200 ಕೆ.ಜಿ. ಸಾಂಬಾರು ಕಲಸಿದ ಅನ್ನ, ತರಕಾರಿ ಸಿಪ್ಪೆ, ಎಂಜಲು ಸೇರಿದ ಹಸಿ ಕಸ ನೀರಿಗಿಂತ ಸ್ವಲ್ಪ ಹಗುರ. ದಿನಕ್ಕೊಂದು ಡ್ರಮ್ ಭರ್ತಿಯಾಗುತ್ತಿದ್ದರೆ ಗೆರೆ ದಾಟಿದ್ದೀರಿ ಎಂದೇ ಹಿಡಿಯಿರಿ. ಅಂದಾಜು ಬೇಡ ಎಂದರೆ ಗುಜರಿಯವರ ಬಳಿ ಇರುವಂಥ ತೂಗುಹಾಕುವ ತಕ್ಕಡಿ ತಂದು, ಭಾನುವಾರವೂ ಸೇರುವಂತೆ ಏಳು ದಿನ ತೂಗಿ, ಸರಾಸರಿ ತೆಗೆಯಿರಿ. ಆ ಏಳು ದಿನದ ಹಾಳೆಯನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಸಗಟು ಉತ್ಪಾದಕರಾದರೆ ಹಸಿ ಕಸವನ್ನು ಆದಷ್ಟು ಜಾಗದಲ್ಲೇ ಸಂಸ್ಕರಿಸಬೇಕು, ಇಲ್ಲವೇ ಅಧಿಕೃತ ಏಜೆನ್ಸಿಗೆ ಹಣ ಕೊಟ್ಟು ಒಪ್ಪಿಸಬೇಕು. ಮನೆ ಮನೆಗೆ ಬರುವ ಆಟೋ ಟಿಪ್ಪರ್‌ಗೆ ಕೈಗೆ ಏನಾದರೂ ಕೊಟ್ಟು ಸುರಿಯುವ ವ್ಯವಸ್ಥೆ ಸಿಕ್ಕಿಬೀಳುವ ದಿನದವರೆಗೆ ಮಾತ್ರ ಅಗ್ಗ.

ಬುಟ್ಟಿ ಎಷ್ಟು ಇಡಬೇಕು? ಬಣ್ಣದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಈಗ ನಾಲ್ಕು ವಿಂಗಡಣೆ: ಹಸಿ, ಒಣ, ಸ್ಯಾನಿಟರಿ, ಮತ್ತು ವಿಶೇಷ ಎಚ್ಚರಿಕೆ ಬೇಕಾದ ಕಸ. ಈ ನಾಲ್ಕನೆಯದಕ್ಕೆ ಟ್ಯೂಬ್‌ಲೈಟು, ಬ್ಯಾಟರಿ, ಪೇಂಟ್ ಡಬ್ಬ, ಅವಧಿ ಮುಗಿದ ಔಷಧಿ ಸೇರುತ್ತವೆ.

ಬಣ್ಣದ ಗೊಂದಲಕ್ಕೆ ಕಾರಣವಿದೆ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶದಂತೆ ಬೆಂಗಳೂರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಬಂತು: ಹಸಿಗೆ ಹಸಿರು, ಸ್ಯಾನಿಟರಿಗೆ ಕೆಂಪು, ಒಣ ಕಸಕ್ಕೆ ಚೀಲ. ದೇಶದ ಬೇರೆಡೆ ಒಣ ಕಸಕ್ಕೆ ನೀಲಿ ಬುಟ್ಟಿ. ಅಡುಗೆಮನೆಯ ಮಟ್ಟಿಗೆ ಬಣ್ಣಕ್ಕಿಂತ ಬುಟ್ಟಿಯ ಮೇಲಿನ ಚಿತ್ರ ಮುಖ್ಯ. ಪಾತ್ರೆ ತೊಳೆಯುವವರಲ್ಲಿ ಒಬ್ಬರು ಒಡಿಶಾದವರು, ಇನ್ನೊಬ್ಬರು ಅಸ್ಸಾಮಿನವರು ಇರಬಹುದು. ‘ಹಸಿ ಕಸ’ ಎಂದು ಕನ್ನಡದಲ್ಲಿ ಬರೆದಂಟಿಸಿ ಅವರು ಓದಲಿಲ್ಲ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಬುಟ್ಟಿ ಎಲ್ಲಾ ಇಟ್ಟಿದ್ದೇವೆ. ಆದರೂ ಕಸ ಬೆರೆತೇ ಹೋಗುತ್ತದೆ. ಏಕೆ?

ಬುಟ್ಟಿಗಳು ಹಿಂಬಾಗಿಲಲ್ಲಿವೆ, ಕಸ ಬೆರೆಯುವುದು ಅದಕ್ಕಿಂತ ಇಪ್ಪತ್ತು ಅಡಿ ಮುಂಚೆ. ಟೇಬಲ್ ಒರೆಸುವ ಕ್ಲೀನರ್ ಕೈಯಲ್ಲಿ ಒಂದೇ ಟಬ್ ಇರುತ್ತದೆ. ತಟ್ಟೆ, ಲೋಟ, ಉಳಿದ ಚಟ್ನಿ, ಟಿಶ್ಯೂ, ಟೂತ್‌ಪಿಕ್, ಸಾಸ್ ಸ್ಯಾಷೆ, ನೀರಿನ ಬಾಟಲಿ ಎಲ್ಲವೂ ಅದರೊಳಗೆ. ಆ ಟಬ್ಬನ್ನು ಸಿಂಕಿನ ಪಕ್ಕ ಬೋರಲು ಹಾಕಿದ ಮೇಲೆ ಯಾರೂ ಮುಸುರೆಯೊಳಗೆ ಕೈ ಹಾಕಿ ಸ್ಯಾಷೆ ಹುಡುಕುವುದಿಲ್ಲ, ಹುಡುಕಬೇಕೆಂದು ನಿರೀಕ್ಷಿಸುವುದೂ ತಪ್ಪು.

ಸರಿಪಡಿಸುವುದು ಹೀಗೆ. ಟಬ್ಬಿನ ಟ್ರಾಲಿಗೆ ಪಕ್ಕದಲ್ಲೊಂದು ಸಣ್ಣ ಡಬ್ಬ ಕಟ್ಟಿ. ಬಾಟಲಿ, ಸ್ಯಾಷೆ, ಬಿಲ್ಲಿನ ಚೀಟಿ ಟೇಬಲ್ ಬಳಿಯೇ ಅದಕ್ಕೆ ಬೀಳಲಿ. ತೊಳೆಯುವ ಜಾಗದಲ್ಲಿ ಸಿಂಕಿಗಿಂತ ಮೊದಲು ಒಂದು ಸ್ಟೀಲ್ ಮೇಜು, ಅದರ ನಡುವೆ ಅಂಗೈ ಅಗಲದ ತೂತು, ತೂತಿನ ಕೆಳಗೆ ಹಸಿ ಬುಟ್ಟಿ. ತಟ್ಟೆಯನ್ನು ರಬ್ಬರ್ ಪಟ್ಟಿಯಿಂದ ಕೆರೆದು ತೂತಿಗೆ ತಳ್ಳಿ, ಆಮೇಲೆ ಸಿಂಕಿಗೆ. ಹಸಿ ಬುಟ್ಟಿಯೊಳಗೆ ತಳದಿಂದ ನಾಲ್ಕು ಇಂಚು ಮೇಲೆ ತೂತಿನ ತಟ್ಟೆ ಕೂರಿಸಿದರೆ ಸಾಂಬಾರು, ಮಜ್ಜಿಗೆ ಕೆಳಗಿಳಿದು ಗಟ್ಟಿ ಕಸ ಮೇಲುಳಿಯುತ್ತದೆ. ಆ ದ್ರವ ಗ್ರೀಸ್ ಟ್ರ್ಯಾಪ್ (ಜಿಡ್ಡು ತಡೆಯುವ ತೊಟ್ಟಿ) ಇರುವ ಸಿಂಕಿಗೇ ಹೋಗಬೇಕು, ಹೊರಗಿನ ಮೋರಿಗಲ್ಲ. ತೂಕಕ್ಕೆ ದುಡ್ಡು ಕೊಡುವವರಿಗೆ ಇದರಿಂದ ಬಿಲ್ ಇಳಿಯುತ್ತದೆ, ರಸ್ತೆಯುದ್ದಕ್ಕೂ ಗಾಡಿಯಿಂದ ಸೋರುವ ಗಬ್ಬು ನೀರೂ ನಿಲ್ಲುತ್ತದೆ.

ಊಟ ಒರೆಸಿದ ಟಿಶ್ಯೂ ಎಲ್ಲಿಗೆ?

ಗೊಬ್ಬರ ಮಾಡುವವರಾದರೆ ಹಸಿಗೆ, ಅದು ಚೆನ್ನಾಗಿ ಕೊಳೆಯುತ್ತದೆ. ಕಸ ಬಯೋಗ್ಯಾಸ್ ಘಟಕಕ್ಕೆ ಹೋಗುವುದಾದರೆ ಬೇಡ, ನಾರು ತೇಲಿ ಕೆನೆಗಟ್ಟುತ್ತದೆ. ಶೌಚಾಲಯದ ಟಿಶ್ಯೂ ಯಾವಾಗಲೂ ಸ್ಯಾನಿಟರಿ.

ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್?

ಒಣ ಕಸ, ಆದರೆ ತೊಳೆದು. ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ಚೂರು ಅಂಟಿಕೊಂಡಿರುವಂತೆ ಸೀಳಿ. ಬೇರೆಯಾಗಿ ಬಿದ್ದ ಆ ಬೆರಳುಗುರಿನಷ್ಟು ತುಂಡನ್ನು ಯಾರೂ ಆರಿಸುವುದಿಲ್ಲ, ಅದು ಕೊನೆಗೆ ಗೊಬ್ಬರದಲ್ಲೋ ಚರಂಡಿಯಲ್ಲೋ ಸಿಗುತ್ತದೆ. ಎಣ್ಣೆ ಪ್ಯಾಕೆಟ್ಟನ್ನು ಬಾಣಲೆಯ ಮೇಲೆ ಒಂದೆರಡು ನಿಮಿಷ ತಲೆಕೆಳಗಾಗಿ ನಿಲ್ಲಿಸಿ, ನಂತರ ಮಡಚಿಡಿ.

ಗ್ರೀಸ್ ಟ್ರ್ಯಾಪ್ ಹಾಕಿಸಿದ್ದೇವೆ. ಆದರೂ ತಿಂಗಳಿಗೊಮ್ಮೆ ಚೇಂಬರ್ ಕಟ್ಟಿಕೊಳ್ಳುತ್ತದೆ.

ಮೂರರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ: ತೊಟ್ಟಿ ಚಿಕ್ಕದು, ನೀರು ಬಿಸಿ, ಅಥವಾ ತೊಟ್ಟಿ ತುಂಬಿದ್ದು ಯಾರೂ ನೋಡಿಲ್ಲ.

ಟ್ರ್ಯಾಪ್ ಕೆಲಸ ಮಾಡುವುದು ನೀರು ನಿಂತಾಗ. ಜಿಡ್ಡು ಮೇಲೆ ತೇಲುತ್ತದೆ, ಅನ್ನದ ಅಗುಳು, ಹಿಟ್ಟು ತಳಕ್ಕೆ ಕೂರುತ್ತವೆ, ನಡುವಿನ ತಿಳಿನೀರು ಮಾತ್ರ ಆಚೆ ಹೋಗಬೇಕು. ಇದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಮೂರು ಸಿಂಕು, ಒಂದೊಂದು ನಲ್ಲಿಯಿಂದ ನಿಮಿಷಕ್ಕೆ 10 ಲೀಟರ್ ಎಂದಿಟ್ಟುಕೊಳ್ಳಿ. ಊಟದ ಹೊತ್ತಿನಲ್ಲಿ ನಿಮಿಷಕ್ಕೆ 30 ಲೀಟರ್, ಅರ್ಧ ಗಂಟೆಗೆ 900 ಲೀಟರ್. ತೊಟ್ಟಿಯ ಅಳತೆ ಅಷ್ಟಿರಬೇಕು. ಸಿಂಕಿನ ಕೆಳಗೆ ಕೂರುವ 50 ಲೀಟರ್‌ನ ಪೆಟ್ಟಿಗೆ ಜ್ಯೂಸ್ ಅಂಗಡಿಗೆ ಸಾಕು, ದೋಸೆ ಹೋಟೆಲ್‌ಗೆ ಸಾಲದು.

60 ಡಿಗ್ರಿಗಿಂತ ಬಿಸಿ ನೀರು ಬಿಟ್ಟರೆ ಜಿಡ್ಡು ಕರಗಿ ಟ್ರ್ಯಾಪ್ ದಾಟಿಬಿಡುತ್ತದೆ. ಮುಂದೆ ರಸ್ತೆಯಡಿಯ ತಣ್ಣನೆಯ ಪೈಪಿನಲ್ಲಿ ಮೇಣದಂತೆ ಹೆಪ್ಪುಗಟ್ಟುತ್ತದೆ. ಹೆಚ್ಚು ಸೋಪಿನ ಕಥೆಯೂ ಇದೇ. ‘ಜಿಡ್ಡು ತಿನ್ನುವ’ ದ್ರವ ಸುರಿದರೆ ಟ್ರ್ಯಾಪ್ ಸ್ವಚ್ಛವಾಗಿ ಕಾಣುತ್ತದೆ, ಅಲ್ಲಿದ್ದ ಜಿಡ್ಡು ಎಷ್ಟೋ ಸಲ ಪಕ್ಕದ ಕಟ್ಟಡದ ಮುಂದಿನ ಮ್ಯಾನ್‌ಹೋಲ್‌ಗೆ ವರ್ಗವಾಗಿರುತ್ತದೆ. ಅಂಥ ದ್ರವಕ್ಕೆ ದುಡ್ಡು ಹಾಕಬೇಡಿ. ದೋಸೆ ಹಿಟ್ಟಿನ ಪಾತ್ರೆಯನ್ನು ಮಾತ್ರ ಮೊದಲು ಕೆರೆದು, ಆಮೇಲೆ ತೊಳೆಯಿರಿ. ತಳದಲ್ಲಿ ಕೂತ ಹಿಟ್ಟು ಹುಳಿಬಂದು ನಾರುವಷ್ಟು ಇನ್ಯಾವುದೂ ನಾರುವುದಿಲ್ಲ.

ನೋಡುವುದು ಹೇಗೆ? ಉದ್ದನೆಯ ಕೋಲಿಗೆ ಬಿಳಿ ಬಟ್ಟೆ ಸುತ್ತಿ, ಮುಚ್ಚಳ ತೆಗೆದು ನೇರವಾಗಿ ತಳ ಮುಟ್ಟುವವರೆಗೆ ಇಳಿಸಿ, ನಿಧಾನವಾಗಿ ಎತ್ತಿ. ಮೇಲೆ ಹಳದಿ ಜಿಡ್ಡಿನ ಪಟ್ಟಿ, ನಡುವೆ ಒದ್ದೆ, ಕೆಳಗೆ ಕಪ್ಪು ಕೆಸರಿನ ಪಟ್ಟಿ ಕಾಣುತ್ತದೆ. ಮೇಲಿನದು, ಕೆಳಗಿನದು ಸೇರಿ ನೀರಿನ ಆಳದ ಕಾಲು ಭಾಗ ಮುಟ್ಟಿದರೆ ಖಾಲಿ ಮಾಡಿಸಬೇಕು. ಒಂದು ಮೀಟರ್ ಆಳದಲ್ಲಿ 10 ಸೆಂ.ಮೀ. ಜಿಡ್ಡು, 15 ಸೆಂ.ಮೀ. ಕೆಸರು ಎಂದರೆ ಆ ದಿನವೇ. ಮೊದಲೆರಡು ತಿಂಗಳು ವಾರಕ್ಕೊಮ್ಮೆ ಕೋಲು ಇಳಿಸಿದರೆ ನಿಮ್ಮ ಹೋಟೆಲಿನ ಲೆಕ್ಕ ನಿಮಗೇ ತಿಳಿಯುತ್ತದೆ.

ಖಾಲಿ ಮಾಡಿದ ಕೂಡಲೇ ಶುದ್ಧ ನೀರು ತುಂಬಿಸಿ ಬಳಕೆಗೆ ಬಿಡಿ. ಇದನ್ನು ಮರೆಯುವವರು ಬಹಳ. ತೊಟ್ಟಿ ಬರಿದಾಗಿದ್ದಾಗ ಬರುವ ಜಿಡ್ಡು ತಡೆಗೋಡೆಯ ಕೆಳಗಿನಿಂದ ನುಸುಳಿ ಸೀದಾ ಹೊರಗಿನ ಪೈಪಿಗೆ ಹೋಗುತ್ತದೆ. ತೆಗೆದ ಜಿಡ್ಡನ್ನು ಅಧಿಕೃತ ಸಾಗಣೆದಾರರಿಗೇ ಕೊಡಿ. ರಾತ್ರೋರಾತ್ರಿ ರಾಜಕಾಲುವೆಗೆ ಸುರಿದರೆ ಅದರ ಹೊಣೆ ಗಾಡಿಯವನದಷ್ಟೇ ಅಲ್ಲ, ನಿಮ್ಮದೂ ಹೌದು.

ನಮ್ಮ ಹುಡುಗನೇ ಇಳಿದು ಕ್ಲೀನ್ ಮಾಡುತ್ತೇನೆ ಎನ್ನುತ್ತಾನೆ.

ಬೇಡವೇ ಬೇಡ. ಮುಚ್ಚಿದ ಗ್ರೀಸ್ ತೊಟ್ಟಿಯಲ್ಲೂ ಎಸ್‌ಟಿಪಿಯಲ್ಲೂ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಪ್ರಮಾಣ ಹೆಚ್ಚಿದಂತೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ, ನಂತರ ಪ್ರಜ್ಞೆ ತಪ್ಪುತ್ತದೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಹೋಗುವುದು ಹೀಗೆಯೇ. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಶುಚಿ ಕೆಲಸಕ್ಕೆ ಜನರನ್ನು ಹಚ್ಚುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೀರುವ ಯಂತ್ರದ ಗಾಡಿ ಕರೆಸಿ. ಅದು ಬರುವವರೆಗೆ ಮುಚ್ಚಳ ಮುಚ್ಚಿರಲಿ.

ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು?

ಸಲದ ಲೆಕ್ಕ ಕಾನೂನಿನಲ್ಲಿಲ್ಲ. ಇರುವುದು ಟಿಪಿಸಿಯ ಲೆಕ್ಕ: ಎಣ್ಣೆ ಕಾದು ಕಾದು ಒಡೆದಾಗ ಹುಟ್ಟುವ ಸಂಯುಕ್ತಗಳ ಪ್ರಮಾಣ. ಅದು ಶೇ. 25 ಮೀರಿದ ಎಣ್ಣೆಯಲ್ಲಿ ಏನನ್ನೂ ಕರಿಯುವಂತಿಲ್ಲ. 2018ರ ಜುಲೈ 1ರಿಂದ ಇದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ.

ಅಳೆಯಲು ಕೈಯಲ್ಲಿ ಹಿಡಿಯುವ ಮೀಟರ್ ಸಿಗುತ್ತದೆ. ಕರಿದದ್ದನ್ನೆಲ್ಲ ತೆಗೆದು, ಗುಳ್ಳೆ ಅಡಗಲು ಐದು ನಿಮಿಷ ಬಿಟ್ಟು, ಎಣ್ಣೆ ಬಿಸಿಯಿರುವಾಗಲೇ ಒಮ್ಮೆ ಕಲಕಿ ಸೆನ್ಸರ್ ಅದ್ದಿ. ಬಾಣಲೆಯ ಲೋಹಕ್ಕೆ ತಾಗಿದರೆ, ನೀರಿನ ಗುಳ್ಳೆ ಇನ್ನೂ ಏಳುತ್ತಿದ್ದರೆ ಅಂಕಿ ತಪ್ಪು ಬರುತ್ತದೆ. ಮೀಟರ್ ಇಲ್ಲದವರಿಗೆ ಸೂಚನೆಗಳು: ನೊರೆ ಸಣ್ಣಗೆ ಎದ್ದು ಅಡಗದೆ ನಿಲ್ಲುವುದು, ಬೋಂಡಾ ಬಿಡುವ ಮೊದಲೇ ಹೊಗೆ, ಬಾಣಲೆಯ ಅಂಚಿನಲ್ಲಿ ಅಂಟುವ ಕಂದು ಗೋಂದು. ಇವು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಎಣ್ಣೆ ಬೇಗ ಕೆಡಲು ಕಾರಣಗಳು ಭಟ್ಟರಿಗೆ ಗೊತ್ತಿರುವಂಥವೇ. 180 ಡಿಗ್ರಿ ಮೀರಿದ ಉರಿ, ತೇಲುವ ಕಡಲೆಹಿಟ್ಟಿನ ಚೂರು, ಒದ್ದೆ ಆಲೂಗಡ್ಡೆ, ಬಾಣಲೆಯ ಮೇಲೆಯೇ ಉಪ್ಪು ಉದುರಿಸುವುದು. ಎಲ್ಲಕ್ಕಿಂತ ದೊಡ್ಡ ತಪ್ಪು ನಿನ್ನೆಯ ಎಣ್ಣೆಗೆ ಇಂದಿನ ಹೊಸ ಎಣ್ಣೆ ಸುರಿದು ‘ಹೊಸದು ಮಾಡುವುದು’. ಹಳೆಯದರಲ್ಲಿ ಒಡೆದದ್ದು ಹೊಸದನ್ನೂ ಬೇಗ ಒಡೆಯುತ್ತದೆ. ಉಳಿತಾಯ ಎನ್ನಿಸುವುದೇ ಇಲ್ಲಿ ನಷ್ಟ.

ಆ ಎಣ್ಣೆಯನ್ನು ಯಾರಿಗೆ ಕೊಡುವುದು? ಬಾಗಿಲಿಗೇ ಬಂದು ಹೆಚ್ಚು ಬೆಲೆ ಕೊಟ್ಟು ಒಯ್ಯುವವರಿದ್ದಾರೆ.

ಹೆಚ್ಚು ಬೆಲೆ ಯಾಕೆ ಕೊಡುತ್ತಾರೆ ಎಂದು ಒಮ್ಮೆ ಯೋಚಿಸಿ. ಡೀಸೆಲ್ ಮಾಡುವವನಿಗಿಂತ ಹೆಚ್ಚು ಕೊಡಬಲ್ಲವನು ಅದನ್ನು ಮತ್ತೆ ಅಡುಗೆ ಎಣ್ಣೆಯಾಗಿ ಮಾರುವವನು. ನಿಮ್ಮ ಎಣ್ಣೆ ಬೇರೆ ಗಾಡಿಯ ಬಾಣಲೆಗೆ ಹೋಗುತ್ತದೆ.

ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು 2019ರ ಮಾರ್ಚ್ 1ರಿಂದ ಎಷ್ಟು ಬಳಸಿದೆವು, ಎಷ್ಟು ಹೊರಹಾಕಿದೆವು, ಯಾವ ದಿನ, ಯಾರಿಗೆ ಎಂದು ದಾಖಲೆ ಇಡಬೇಕು ಮತ್ತು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು. 2018ರ ಆಗಸ್ಟ್ 10ರಂದು ಎಫ್‌ಎಸ್‌ಎಸ್‌ಎಐ ಶುರುಮಾಡಿದ ರುಕೋ ಯೋಜನೆಯಡಿ ನೋಂದಾಯಿತ ಸಂಗ್ರಹಕಾರರು ಇದನ್ನು ಜೈವಿಕ ಡೀಸೆಲ್‌ಗೆ ಒಯ್ಯುತ್ತಾರೆ. ಸಣ್ಣವರೂ ಹೀಗೇ ಮಾಡಬಹುದು. ಆರಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ನೀರು ಬೀಳದ ಮುಚ್ಚಳದ ಕ್ಯಾನಿನಲ್ಲಿ ‘ಬಳಸಿದ ಎಣ್ಣೆ, ಅಡುಗೆಗೆ ಅಲ್ಲ’ ಎಂದು ಬರೆದಿಡಿ. ಹೊಸ ಎಣ್ಣೆಯ ಟಿನ್‌ನಲ್ಲೇ ತುಂಬಿಡಬೇಡಿ, ರಶ್ ಹೊತ್ತಿನಲ್ಲಿ ಯಾರೋ ಎತ್ತಿ ಸುರಿದುಬಿಡುತ್ತಾರೆ.

ಪ್ಲಾಸ್ಟಿಕ್‌ನಲ್ಲಿ ನಿಜಕ್ಕೂ ನಿಷೇಧವಾಗಿರುವುದು ಏನು?

ಕರ್ನಾಟಕದಲ್ಲಿ ಎರಡು ಪದರ ಇದೆ. ರಾಜ್ಯದ 2016ರ ಮಾರ್ಚ್ 11ರ ಅಧಿಸೂಚನೆ ಮೈಕ್ರಾನ್ ಎಷ್ಟೇ ಇರಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಅಂಟುವ ತೆಳು ಹಾಳೆ, ಫ್ಲೆಕ್ಸ್, ಬಂಟಿಂಗ್ ನಿಷೇಧಿಸಿದೆ. ಮದುವೆ ಊಟದ ಟೇಬಲ್ ಮೇಲೆ ಉದ್ದಕ್ಕೆ ಹಾಸುವ ಪ್ಲಾಸ್ಟಿಕ್ ರೋಲ್ ಕೂಡ ಅದರಲ್ಲಿದೆ. ಕೇಟರಿಂಗ್‌ನವರು ಇದನ್ನು ಇವತ್ತಿಗೂ ಹಾಸುತ್ತಾರೆ! ಕೇಂದ್ರದ ನಿಷೇಧ 2022ರ ಜುಲೈ 1ರಿಂದ: ಸ್ಟ್ರಾ, ಕಲಕುವ ಕಡ್ಡಿ, ಫೋರ್ಕ್, ಟ್ರೇ, ಐಸ್‌ಕ್ರೀಮ್ ಕಡ್ಡಿ, ಸಿಹಿ ಪೆಟ್ಟಿಗೆಗೆ ಸುತ್ತುವ ಹಾಳೆ, ಅಲಂಕಾರದ ಥರ್ಮೋಕೋಲ್. ಪಬ್‌ನವರಿಗೆ ಮೊದಲ ಎರಡು ಮುಖ್ಯ.

ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ನಿಷೇಧಿಸಿತು. ಹಬೆಯಲ್ಲಿ ಆ ಹಾಳೆ ಮೆತ್ತಗಾಗಿ ಅದರಲ್ಲಿರುವುದು ಇಡ್ಲಿಗೆ ಇಳಿಯುತ್ತದೆ. ಮಲ್ಲು ಬಟ್ಟೆ ಹಿಂಡಿ, ದಿನಾ ಕುದಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಯಾವ ತಕರಾರೂ ಇಲ್ಲ.

ಪಾರ್ಸೆಲ್ ಸಾಂಬಾರಿಗೆ ಮತ್ತೇನು ಮಾಡುವುದು?

ಬಿಸಿ ಸಾಂಬಾರನ್ನು ತೆಳು ಕವರಿಗೆ ಸುರಿದು ದಾರ ಕಟ್ಟುವುದು ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಮುಚ್ಚಳದ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಡಬ್ಬಿ ತೊಳೆದರೆ ಮರುಬಳಕೆಗೆ ಬರುತ್ತದೆ, ಗುಜರಿಯಲ್ಲೂ ಬೆಲೆಯಿದೆ. ಆದರೆ ಎರಡು ಚಮಚ ಚಟ್ನಿಗೊಂದು ಡಬ್ಬಿ ಅತಿಯಾಯಿತು. ಬಾಳೆಲೆ ಪೊಟ್ಟಣ ಸಾಕು. ಮನೆಯಿಂದ ಡಬ್ಬಿ ತಂದವರಿಗೆ ಪಾರ್ಸೆಲ್ ಚಾರ್ಜ್ ಬಿಡಿ, ಅದನ್ನು ಬಿಲ್ಲಿಂಗ್ ಕೌಂಟರ್ ಮುಂದೆ ಕಾಣುವಂತೆ ಬರೆಯಿರಿ. ಸಾಂಬಾರು ಬೇಕೇ ಎಂದು ಕೇಳಿ ಕೊಡುವುದರಿಂದ ಉಳಿಯುವುದಂತೂ ಕೇಳಿ ನೋಡಿದವರಿಗೇ ಗೊತ್ತು.

ಹಸಿರೆಲೆ ಚಿತ್ರವಿರುವ ‘ಕಂಪೋಸ್ಟಬಲ್’ ಕವರ್ ಬಳಸಬಹುದೇ?

ಎಲೆ ಚಿತ್ರ ಯಾರು ಬೇಕಾದರೂ ಅಚ್ಚು ಹಾಕಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಸಂಖ್ಯೆ, ತಯಾರಕರ ಹೆಸರು, ಐಎಸ್ 17088 ಮಾನಕ ಇವು ನೋಡಿ. ಅಸಲಿಯಾದರೂ ಅದು ದೊಡ್ಡ ಘಟಕದ ಬಿಸಿಯಲ್ಲಿ ಕೊಳೆಯುವಂಥದ್ದು, ನಿಮ್ಮ ಮಹಡಿಯ ಡ್ರಮ್ಮಿನಲ್ಲಿ ತಿಂಗಳಾದರೂ ಹಾಗೇ ಇರಬಹುದು. ಪೇಪರ್ ಲೋಟದ ಒಳಗೂ, ಬೆಳ್ಳಿ ಬಣ್ಣದ ಪೇಪರ್ ತಟ್ಟೆಯ ಮೇಲೂ ತೆಳು ಲೇಪನ ಇರುತ್ತದೆ. ಅವು ಗೊಬ್ಬರವೂ ಆಗುವುದಿಲ್ಲ, ಪೇಪರ್ ಗಿರಣಿಗೂ ಬೇಡ. ಸ್ಟೀಲ್ ಲೋಟ, ಅಡಿಕೆ ಹಾಳೆ, ಮುತ್ತುಗದ ಎಲೆ ಇರುವ ನಾಡಿನಲ್ಲಿ ಇದಕ್ಕಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯ ಕಡಿಮೆ.

ಮದುವೆ, ಗೃಹಪ್ರವೇಶದ ಕೇಟರಿಂಗ್‌ಗೆ ಬೇರೆ ನಿಯಮ ಇದೆಯೇ?

ಪರವಾನಗಿ ಇಲ್ಲದ ಜಾಗದಲ್ಲಿ, ಅಂದರೆ ಖಾಲಿ ಸೈಟು, ರಸ್ತೆ ಶಾಮಿಯಾನ ಇಂಥ ಕಡೆ, 100ಕ್ಕಿಂತ ಹೆಚ್ಚು ಜನ ಸೇರುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ಇದು 2016ರ ನಿಯಮದಿಂದಲೇ ಬಂದದ್ದು. ಕಸ ಯಾರದು ಎನ್ನುವುದನ್ನು ಕೇಟರಿಂಗ್ ಕರಾರಿನಲ್ಲೇ ಬರೆದುಕೊಳ್ಳಿ. ‘ಅದು ಮಂಟಪದವರದು’, ‘ಅದು ಅಡುಗೆಯವರದು’ ಎಂಬ ಜಗಳ ರಾತ್ರಿ ಹನ್ನೊಂದಕ್ಕೆ ಶುರುವಾದರೆ ಚೀಲಗಳು ಬೆಳಗ್ಗೆ ರಸ್ತೆ ತಿರುವಿನಲ್ಲಿರುತ್ತವೆ.

ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವವರು ಇಬ್ಬರಿರಲಿ. ಮುಂದಿನವರು ಬಾಟಲಿ, ಲೋಟ, ಐಸ್‌ಕ್ರೀಮ್ ಕಪ್ ಆರಿಸಲಿ. ಹಿಂದಿನವರು ಎಲೆ ಮಡಚಿ ಬುಟ್ಟಿಗೆ ಹಾಕಲಿ. ಒಬ್ಬರೇ ಎರಡೂ ಮಾಡಿದರೆ ಬಾಟಲಿ ಎಲೆಯೊಳಗೆ ಸುತ್ತಿಕೊಂಡು ಹೋಗುತ್ತದೆ. ಸ್ಟೀಲ್ ತಟ್ಟೆ ಬೇಕೆಂದರೆ ಬೆಂಗಳೂರಿನಲ್ಲಿ ಅದಮ್ಯ ಚೇತನದ ತಟ್ಟೆ ಬ್ಯಾಂಕ್‌ನಂಥ ವ್ಯವಸ್ಥೆಗಳಿವೆ. ತೊಳೆಯಲು ನೀರು, ಜನ ಎರಡನ್ನೂ ಮೊದಲೇ ಲೆಕ್ಕ ಹಾಕಿ.

ಉಳಿದ ಅಡುಗೆಯನ್ನು ಕೊಡಬಹುದೇ? ಯಾರಿಗಾದರೂ ಹೊಟ್ಟೆ ಕೆಟ್ಟರೆ?

ಕೊಡಬಹುದು. ಇದಕ್ಕಾಗಿಯೇ 2019ರಲ್ಲಿ ಹೆಚ್ಚುವರಿ ಆಹಾರದ ವಿತರಣೆಗೆ ಎಫ್‌ಎಸ್‌ಎಸ್‌ಎಐ ನಿಯಮಾವಳಿ ಬಂದಿದೆ. ಪಾತ್ರೆಯಲ್ಲಿ ಉಳಿದದ್ದು ಮಾತ್ರ, ಎಲೆಗೆ ಬಡಿಸಿದ್ದು ಅಲ್ಲ. ಬಿಸಿಯದು 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಡಬ್ಬಿಯ ಮೇಲೆ ಅಡುಗೆಯ ಹೆಸರು, ಮಾಡಿದ ದಿನ ಮತ್ತು ಹೊತ್ತು, ಸಸ್ಯಾಹಾರವೋ ಮಾಂಸಾಹಾರವೋ ಬರೆಯಿರಿ. ಮೊಸರನ್ನ, ತೆಂಗಿನಕಾಯಿ ಚಟ್ನಿ, ಪಾಯಸ ಬೇಗ ಹಳಸುತ್ತವೆ, ಅವನ್ನು ಕೊಡದಿರುವುದೇ ಲೇಸು. ಸಂಸ್ಥೆಯವರಿಗೆ ಊಟ ಮುಗಿದ ಮೇಲಲ್ಲ, ಕೊನೆಯ ಪಂಕ್ತಿ ಕೂತಾಗಲೇ ಫೋನ್ ಮಾಡಿ.

ನಾವೇ ಗೊಬ್ಬರ ಮಾಡಬಹುದೇ? ಹಿಂದೆ ಮಾಡಿ ವಾಸನೆಯಿಂದ ನಿಲ್ಲಿಸಿದೆವು.

ಹೋಟೆಲ್ ಕಸ ಮನೆ ಕಸದಂತಲ್ಲ: ನೀರು ಹೆಚ್ಚು, ಉಪ್ಪು, ಎಣ್ಣೆ ಹೆಚ್ಚು. ಹಾಗಾಗಿ ಒಣ ಪುಡಿ ಕೈಬಿಚ್ಚಿ ಹಾಕಬೇಕು. ಮೂರು ಬಕೆಟ್ ಹಸಿಗೆ ಒಂದು ಬಕೆಟ್ ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿಯಿಂದ ಶುರುಮಾಡಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು. ಧಾರೆಯಾದರೆ ಪುಡಿ ಸಾಲದು, ಹನಿಯೇ ಇಲ್ಲವಾದರೆ ನೀರು ಚಿಮುಕಿಸಿ. ಎರಡು ಮೂರು ದಿನದಲ್ಲಿ ಒಳಗೆ 55 ಡಿಗ್ರಿ ದಾಟಬೇಕು. ಕೈಯಿಟ್ಟರೆ ತಡೆಯಲಾಗದಷ್ಟು ಬಿಸಿ. ವಾಸನೆಯೇ ರೋಗ ಹೇಳುತ್ತದೆ: ಮೂಗಿಗೆ ಚುಚ್ಚುವ ಅಮೋನಿಯಾ ಬಂದರೆ ಒಣ ಪುಡಿ ಕಡಿಮೆಯಾಗಿದೆ, ಕೊಳೆತ ಮೊಟ್ಟೆಯದು ಬಂದರೆ ಗಾಳಿ ಇಲ್ಲ, ತಿರುವಿ ಹಾಕಿ.

ಬಾಳೆಲೆಯನ್ನು ಇಡಿಯಾಗಿ ಯಂತ್ರಕ್ಕೆ ಹಾಕಬೇಡಿ. ಅದರ ದಿಂಡು, ನಾರು ತಿರುಗುವ ಅಚ್ಚಿಗೆ ಹಗ್ಗದಂತೆ ಸುತ್ತಿ ಮೋಟಾರು ಸುಡುತ್ತದೆ. ಮೊದಲು ಕತ್ತರಿಸಿ.

‘24 ಗಂಟೆಯಲ್ಲಿ ಗೊಬ್ಬರ’ ಎನ್ನುವ ಕರೆಂಟಿನ ಯಂತ್ರಗಳ ಬಗ್ಗೆ ನೇರವಾಗಿ ಹೇಳುವುದಾದರೆ, ಅದರಿಂದ ಬರುವುದು ಒಣಗಿದ ಅನ್ನ, ಗೊಬ್ಬರವಲ್ಲ. ಪರೀಕ್ಷೆ ಸುಲಭ. ಒಂದು ಹಿಡಿ ಪುಡಿಗೆ ನೀರು ಬೆರೆಸಿ ಮುಚ್ಚಿಡಿ. ಎರಡು ದಿನದಲ್ಲಿ ಬೂಸ್ಟು ಹಿಡಿದು ನಾತ ಬಂದರೆ ಅದು ಇನ್ನೂ ಕೊಳೆಯಬೇಕಿದೆ. ಅದನ್ನು ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಮತ್ತೆ ಕೆಲವು ವಾರ ಗುಡ್ಡೆ ಹಾಕಿ ಮಾಗಿಸಬೇಕು.

ಬಯೋಗ್ಯಾಸ್ ಲಾಭವೇ?

ಜಾಗವಿದ್ದರೆ ಹೌದು. 100 ಕೆ.ಜಿ. ಊಟದ ಕಸದಿಂದ ಸುಮಾರು 8ರಿಂದ 10 ಘನ ಮೀಟರ್ ಗ್ಯಾಸ್, ಅಂದರೆ ಹೆಚ್ಚುಕಡಿಮೆ 4 ಕೆ.ಜಿ. ಎಲ್‌ಪಿಜಿಗೆ ಸಮ. 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ಒಂದು ಐದು ದಿನಕ್ಕೆ ಉಳಿದಂತೆ. ಕೆಡಿಸುವುದು ನಿಂಬೆ, ಕಿತ್ತಳೆ ಸಿಪ್ಪೆಯ ರಾಶಿ, ಮೂಳೆ, ಮೊಟ್ಟೆ ಚಿಪ್ಪು, ಮತ್ತು ಹಬ್ಬದ ದಿನ ಒಮ್ಮೆಲೇ ದುಪ್ಪಟ್ಟು ಸುರಿಯುವುದು. ಹುಳಿ ಹೆಚ್ಚಿ ಪಿಎಚ್ 6.5ಕ್ಕಿಂತ ಇಳಿದರೆ ಗ್ಯಾಸ್ ನಿಲ್ಲುತ್ತದೆ. ಆಗ ಕಸ ಹಾಕುವುದು ನಿಲ್ಲಿಸಿ, ಸಗಣಿ ನೀರು ಕೊಟ್ಟು ಕಾಯಬೇಕು. ಇನ್ನಷ್ಟು ಸುರಿದರೆ ಪೂರ್ತಿ ಕೆಡುತ್ತದೆ.

ಹಂದಿ ಫಾರಂನವರು ಉಚಿತವಾಗಿ ಒಯ್ಯುತ್ತಾರಲ್ಲ?

ಹಂದಿ ಮಾಂಸದ ಎಂಜಲಿನ ಮೂಲಕ ಆಫ್ರಿಕನ್ ಹಂದಿ ಜ್ವರ ಹರಡುತ್ತದೆ. 2020ರಲ್ಲಿ ಅದು ಭಾರತಕ್ಕೂ ಬಂತು. ಜತೆಗೆ ಬೆರೆತ ಪ್ಲಾಸ್ಟಿಕ್ಕು ಫಾರಂ ಪಕ್ಕದ ಹಳ್ಳಕ್ಕೆ ಬೀಳುತ್ತದೆ. ಮುಖ್ಯವಾಗಿ, ನಿಮ್ಮ ಕಸ ಎಲ್ಲಿಗೆ ಹೋಯಿತು ಎಂಬುದಕ್ಕೆ ಕಾಗದವೇ ಇರುವುದಿಲ್ಲ.

ಪಬ್‌ನ ಬಾಟಲಿಗಳು?

ಬಿಯರ್ ಬಾಟಲಿ ಇಡಿಯಾಗಿದ್ದರೆ ಮಾತ್ರ ಗುಜರಿಯಲ್ಲಿ ಒಳ್ಳೆಯ ಬೆಲೆ, ಏಕೆಂದರೆ ಅದು ತೊಳೆದು ಮತ್ತೆ ತುಂಬಲು ಹೋಗುತ್ತದೆ. ಒಡೆದರೆ ಬರೀ ಗಾಜಿನ ತೂಕ. ಹಾಗಾಗಿ ಬಂದ ಕ್ರೇಟಿನಲ್ಲೇ ತಿರುಗಿ ಜೋಡಿಸಿ. ದುಬಾರಿ ವಿಸ್ಕಿ ಬಾಟಲಿಯ ಲೆಕ್ಕವೇ ಬೇರೆ. ಖಾಲಿ ಬಾಟಲಿ, ಮುಚ್ಚಳ, ಲೇಬಲ್ ಮೂರೂ ಸೇರಿ ಸಿಕ್ಕರೆ ನಕಲಿ ಮದ್ಯ ತುಂಬುವವರಿಗೆ ಹಬ್ಬ. ಅಬಕಾರಿ ಲೇಬಲ್ ಗೀಚಿ, ಮುಚ್ಚಳ ಜಜ್ಜಿ, ಬೇರೆ ಬೇರೆ ಕೊಡಿ. ಒಡೆದ ಗಾಜನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪ್ ಸುತ್ತಿ ‘ಗಾಜು’ ಎಂದು ಬರೆಯಿರಿ. ಕಪ್ಪು ಕವರಿನಲ್ಲಿ ಕಟ್ಟಿಟ್ಟರೆ ಕುಯ್ಯುವುದು ಪೌರಕಾರ್ಮಿಕರ ಅಂಗೈ.

ನಮ್ಮಲ್ಲೇ ಬಿಯರ್ ತಯಾರಿಸುತ್ತೇವೆ. ಉಳಿದ ಧಾನ್ಯ, ಯೀಸ್ಟ್ ಏನು ಮಾಡುವುದು?

100 ಲೀಟರ್ ಬಿಯರಿಗೆ ಸುಮಾರು 20 ಕೆ.ಜಿ. ಒದ್ದೆ ಧಾನ್ಯ ಉಳಿಯುತ್ತದೆ. ಸಾವಿರ ಲೀಟರ್‌ನ ಒಂದು ಬ್ರೂ ಎಂದರೆ 200 ಕೆ.ಜಿ. ಹಸುಗಳಿಗೆ ಒಳ್ಳೆಯ ಮೇವು, ಆದರೆ ಮುಕ್ಕಾಲು ಪಾಲು ನೀರೇ ಇರುವುದರಿಂದ ಬೆಂಗಳೂರಿನ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿಯುತ್ತದೆ, ಎರಡನೇ ದಿನ ಬೂಸ್ಟು. ಬೂಸ್ಟಿನ ವಿಷ ಹಾಲಿಗೂ ಬರುತ್ತದೆ. ಹೈನುಗಾರರ ಗಾಡಿ ಬಂದು ನಿಂತ ಮೇಲೆ ಬ್ರೂ ಶುರುಮಾಡಿದರೂ ತಪ್ಪಿಲ್ಲ.

ಯೀಸ್ಟ್ ಕೆಸರು, ಕೆಟ್ಟ ಬಿಯರ್ ಮಾತ್ರ ಯಾವತ್ತೂ ಒಮ್ಮೆಲೇ ಚರಂಡಿಗೆ ಬಿಡಬೇಡಿ. ಎಸ್‌ಟಿಪಿಯ ಸೂಕ್ಷ್ಮಜೀವಿಗಳಿಗೆ ಅದು ಉಸಿರುಕಟ್ಟುವ ಹೊರೆ. ಗಾಳಿಯೆಲ್ಲ ಅದಕ್ಕೇ ಖರ್ಚಾಗಿ ಮರುದಿನ ಇಡೀ ಕಟ್ಟಡ ನಾರುತ್ತದೆ. ಪ್ರತ್ಯೇಕ ಟ್ಯಾಂಕಿನಲ್ಲಿ ಹಿಡಿದು ಬಯೋಗ್ಯಾಸಿಗೆ ಕೊಡಿ. ಟ್ಯಾಂಕ್ ತೊಳೆದ ಕಾಸ್ಟಿಕ್ ನೀರನ್ನೂ ಪಿಎಚ್ ಸರಿಮಾಡಿಯೇ ಬಿಡಬೇಕು.

ಪಬ್ ರಾತ್ರಿ ಒಂದರವರೆಗೆ ತೆರೆದಿರುತ್ತದೆ. ಸದ್ದಿನ ಮಿತಿ ಎಷ್ಟು?

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್. ವಸತಿ ಪ್ರದೇಶದಲ್ಲಿ 55 ಮತ್ತು 45. ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಸುತ್ತ 50 ಮತ್ತು 40. ರಾತ್ರಿ ಧ್ವನಿವರ್ಧಕ ಮುಚ್ಚಿದ ಕೋಣೆಯೊಳಗೆ ಮಾತ್ರ, ಬಯಲು ಮಹಡಿಯಲ್ಲಿ ಇಲ್ಲ. ಇಂದಿರಾನಗರ, ಕೋರಮಂಗಲದಲ್ಲಿ ಪಬ್ಬಿನ ಹಿಂಗೋಡೆಗೇ ಮನೆಗಳಿವೆ, ಅಲ್ಲಿ 45 ಎಂದರೆ ಬಹಳ ಕಡಿಮೆ.

ಗೋಡೆ ದಾಟುವುದು ಹಾಡಲ್ಲ, ಬೇಸ್. ಸಬ್‌ವೂಫರನ್ನು ನೆಲಕ್ಕೆ ತಾಗದಂತೆ ರಬ್ಬರ್ ಮೇಲೆ ಕೂರಿಸಿ, ಬಾಗಿಲಿಗೆ ಎರಡು ಪದರ ಮಾಡಿ. ಇಷ್ಟೆಲ್ಲ ಮಾಡಿದವರೂ ಮರೆಯುವುದೊಂದಿದೆ: ಒಂದೂವರೆ ಗಂಟೆಗೆ ಇನ್ನೂರು ಬಾಟಲಿಯನ್ನು ಡ್ರಮ್ಮಿಗೆ ಸುರಿಯುವ ಸದ್ದು. ದೂರು ಬರುವುದು ಎಷ್ಟೋ ಸಲ ಅದಕ್ಕೇ. ಬಾಟಲಿ ಕೆಲಸ ಬೆಳಗ್ಗೆ ಎಂಟರ ನಂತರ ಇಟ್ಟುಕೊಳ್ಳಿ.

ಜನರೇಟರ್ ಹೊಗೆ ಕೊಳವೆ ಎಷ್ಟು ಎತ್ತರ?

ಕಟ್ಟಡದ ಎತ್ತರದ ಮೇಲೆ, ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಸಂಖ್ಯೆಯ ವರ್ಗಮೂಲದ 0.2 ಪಟ್ಟು ಮೀಟರ್. 100 ಕೆವಿಎಗೆ ವರ್ಗಮೂಲ 10, ಹಾಗಾಗಿ ಕಟ್ಟಡಕ್ಕಿಂತ 2 ಮೀಟರ್ ಮೇಲೆ. ಪಕ್ಕದ ಕಿಟಕಿಯತ್ತ ಬಾಗಿಸುವುದು ಬೇಡ.

ನೀರು ಉಳಿಸಲು ಕಡ್ಡಾಯ ಏನಾದರೂ ಇದೆಯೇ?

2024ರ ಮಾರ್ಚ್‌ನ ಬರದಲ್ಲಿ ಜಲಮಂಡಳಿ ಬೆಂಗಳೂರಿನ ಹೋಟೆಲ್ ಮತ್ತಿತರ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ (ಗಾಳಿ ಬೆರೆಸಿ ನೀರಿನ ಹರಿವು ತಗ್ಗಿಸುವ ಜಾಲರಿ) ಕಡ್ಡಾಯ ಮಾಡಿತು. ಕೈ ತೊಳೆಯುವಲ್ಲಿ ಅದು ಚಿನ್ನ. ಪಾತ್ರೆ ತುಂಬಿಸುವ ನಲ್ಲಿಗೆ ಹಾಕಿದರೆ ಕೆಲಸದವರು ಎರಡೇ ದಿನದಲ್ಲಿ ಕಿತ್ತೆಸೆಯುತ್ತಾರೆ, ಅದು ಅವರ ತಪ್ಪಲ್ಲ. ಅಲ್ಲಿ ಒತ್ತಿದಾಗ ಮಾತ್ರ ಬರುವ ಸ್ಪ್ರೇ ಹಾಕಿ. ಏರೇಟರ್ ಜಾಲರಿಯಲ್ಲಿ ಬೋರ್‌ವೆಲ್ ಉಪ್ಪು ಕಟ್ಟಿದರೆ ರಾತ್ರಿ ವಿನೆಗರ್‌ನಲ್ಲಿ ನೆನೆಸಿ. ಆರ್‌ಒ ಯಂತ್ರ ಬಿಡುವ ನೀರು ನೆಲ ಒರೆಸಲು ಸಾಕು.

ರಟ್ಟು, ಒಣ ಎಲೆ ಹಿತ್ತಲಲ್ಲಿ ಸುಡಬಹುದೇ?

ಇಲ್ಲ.

ತಪಾಸಣೆಗೆ ಬಂದಾಗ ಏನೇನು ತೋರಿಸಬೇಕು?

ಒಂದೇ ಕಡತದಲ್ಲಿ ಇವಿರಲಿ: ಎಫ್‌ಎಸ್‌ಎಸ್‌ಎಐ ಮತ್ತು ಟ್ರೇಡ್ ಲೈಸೆನ್ಸ್, ನಿಮ್ಮ ವರ್ಗಕ್ಕೆ ಅನ್ವಯಿಸುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಕಸದ ಏಜೆನ್ಸಿಯ ಕರಾರು ಮತ್ತು ತಿಂಗಳ ರಸೀದಿ, ಎಣ್ಣೆ ಕೊಟ್ಟ ಚೀಟಿಗಳು, ಗ್ರೀಸ್ ಟ್ರ್ಯಾಪ್ ತೆಗೆಸಿದ ದಿನಾಂಕಗಳು, ತೂಕದ ಪುಸ್ತಕ. ತೂಕದ ಪುಸ್ತಕವನ್ನು ಆಯಾ ದಿನವೇ ಬರೆಯಿರಿ. ಮೂರು ತಿಂಗಳ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಯುಗಾದಿಗೂ ಮಂಗಳವಾರಕ್ಕೂ ಒಂದೇ 62 ಕೆ.ಜಿ. ಎಂದಿದ್ದರೆ, ಓದುವವರಿಗೆ ಸಾಂಬಾರಿನ ಒಂದು ಕಲೆಯೂ ಇಲ್ಲದ ಆ ಹಾಳೆ ಯಾವಾಗ ಬರೆದದ್ದು ಎಂದು ತಿಳಿಯಲು ಎರಡು ನಿಮಿಷ ಸಾಕು.